ಅಚ್ಚು ಕೆಚ್ಚುವ ಅಜ್ಜಿ

ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ದೀಕ್ಷಾಸ್ನಾನ ಮಾಡಿಸಿಕೊಂಡಳು! ಮೊಳಕಾಲ್ಮೂರಿನ ನಮ್ಮ ಮನೆಯ ಅಂಗಳದಲ್ಲೇ, ನೇಕಾರರ ಕೇರಿಯೆಲ್ಲ ನಿಂತು ನೋಡುತ್ತಿದ್ದಾಗ. ಚಳ್ಳಕೆರೆಯಿಂದ ಬಂದ ಉಪದೇಶಿಗಳು "ಯಾರನ್ನು ನಂಬಿದ್ದೀಯಮ್ಮಾ?" ಎಂದು ಕೇಳಿದರೆ, ಹನ್ನೆರಡು ವರ್ಷದ ಹುಡುಗಿ ಬೀದಿಯ ಕೊನೆಯ ಮಗ್ಗಕ್ಕೂ ಕೇಳುವ ಹಾಗೆ "ಯೇಸುಸ್ವಾಮಿಯನ್ನು!" ಎಂದಳು. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಸೊಸೆ "ಕೂತ್ಕೊಳ್ರಿ ಅತ್ತೆ, ಬಿದ್ದುಗಿದ್ದೀರಾ" ಎಂದು ಕೈಹಿಡಿದು ಕೂರಿಸಿದಳು. ನಾನು ಕೂತರೂ ಸಂತೋಷ ಕೂರಬೇಕಲ್ಲ! ಹಾಗೆ ಬಾಯಿಬಿಟ್ಟು ಹೇಳುವುದು ನಮ್ಮ ಮನೆಗೆ ಬಂದದ್ದು ಒಬ್ಬ ಅಜ್ಜಿಯಿಂದ. ಅವಳ ವಿಷಯ ಬರೆದಿಡದಿದ್ದರೆ ನನಗೆ ಸಮಾಧಾನವಿಲ್ಲ.

ಆ ಅಜ್ಜಿಯ ಬಲಗೈ ಹೆಬ್ಬೆರಳಿಗೂ ತೋರುಬೆರಳಿಗೂ ಗೆರೆಗಳೇ ಇರಲಿಲ್ಲ. ರೇಷ್ಮೆ ಎಳೆ ಹೊಸೆದು ಹೊಸೆದು ಹುಣಿಸೆಬೀಜದ ಹಾಗೆ ನುಣ್ಣಗಾಗಿದ್ದವು. ಮಗ್ಗದಲ್ಲಿ ಉದ್ದೆಳೆಗಳ ಒಂದು ಹಾಸು ನೇಯ್ದು ಮುಗಿದರೆ, ಬಾಚಣಿಗೆಯಂಥ ಅಚ್ಚಿನಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಸಾವಿರಾರು ಎಳೆ. ಅದಕ್ಕೆ ನಾವು ಅಚ್ಚು ಕೆಚ್ಚುವುದು ಎನ್ನುತ್ತೇವೆ. ಅದೇ ಅವಳ ಕೆಲಸ. ಅವಳೂ ನೇಯುವವರ ಮನೆಯ ಹೆಣ್ಣೇ, ಚಳ್ಳಕೆರೆಯ ಕಡೆಯವಳು. ಗಂಡ ತೀರಿದ ಮೇಲೆ ನಮ್ಮ ಕೇರಿಯ ತುದಿಯಲ್ಲಿ ಗುಡಿಸಲು ಹಾಕಿಕೊಂಡಿದ್ದಳು. ಎಳೆ ಜಾರದಿರಲೆಂದು ಬೆರಳಿಗೆ ಬೂದಿ ಹಚ್ಚಿಕೊಳ್ಳುತ್ತಿದ್ದಳು. ಬೂದಿಯ ಮರದ ತಟ್ಟೆ ಯಾವಾಗಲೂ ಅವಳ ಬಗಲಲ್ಲಿ.

"ಏನಜ್ಜಿ, ಕಿರಿಸ್ತಾನದೋಳಿಗೆ ವಿಭೂತಿ ಯಾಕೆ?" ಎಂದು ಪಕ್ಕದ ಮನೆಯವಳು ಕೆಣಕಿದರೆ, "ಇದು ಹಣೆಗಲ್ಲ ಕಣವ್ವ, ಬೆರಳಿಗೆ. ಬಾ, ನಿನ್ನ ನಾಲಿಗೆಗೂ ಒಂಚೂರು ಹಚ್ತೀನಿ, ಭಾಳ ಜಾರ್ತೈತೆ" ಎನ್ನುತ್ತಿದ್ದಳು.

ಹೊಸ ಹಾಸು ಏರಿದ ದಿನ ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆಯುತ್ತಾರೆ. ಕೇರಿಯ ಹೆಂಗಸರು ಬಂದು ನಿಲ್ಲುತ್ತಾರೆ. ಅಜ್ಜಿ ಅದಕ್ಕೆ ಅಡ್ಡ ಬಂದವಳಲ್ಲ. ಅದೆಲ್ಲ ಮುಗಿದ ಮೇಲೆ ಎದ್ದು, ತಲೆಗೆ ಸೆರಗು ಹೊದ್ದು, ದೊಡ್ಡ ದನಿಯಲ್ಲಿ, "ಯೇಸಪ್ಪಾ, ಈ ಮಗ್ಗದಾಗೆ ಕೂರೋನ ಕಣ್ಣು ಕಾಯಪ್ಪ. ಈ ಸೀರೆ ಉಡೋ ಮಗಳು ಯಾರೋ ಏನೋ, ಅವಳನ್ನ ನಗ್ತಾ ಇಡಪ್ಪ" ಎನ್ನುತ್ತಿದ್ದಳು. ಯಾರ ಮನೆಯಾದರೂ ಅಷ್ಟೇ. "ರೇಷ್ಮೆ ಕೊಡೋ ಸಾಹುಕಾರ್ರನ್ನೂ ಸೇರಿಸ್ಕೊ ಅಜ್ಜಿ" ಎಂದು ಗಂಡಸರು ನಕ್ಕರೆ, "ಅವರನ್ನ ಮೊದಲೇ ಸೇರಿಸಿದೀನಿ ಕಣ್ರಪ್ಪಾ, ಅವರಿಗೇ ಜಾಸ್ತಿ ಬೇಕಾಗೈತೆ" ಎನ್ನುವಳು.

ನಾನಾಗ ಹರೆಯದ ಸೊಸೆ, ಶಾಲೆ ಕಂಡವಳಲ್ಲ. ನನಗೆ ಅಕ್ಷರ ಕಲಿಸಿದವಳೂ ಅವಳೇ. ಬೆನ್ನು ನೋವೆಂದು ಕೆಲಸ ನಿಲ್ಲಿಸಿದಾಗ ಬೂದಿಯ ತಟ್ಟೆ ಅಲ್ಲಾಡಿಸಿ ಸಮ ಮಾಡಿ, ಅದರ ಮೇಲೆ ಬೆರಳಲ್ಲಿ ಬರೆದು "ತಿದ್ದು" ಎನ್ನುತ್ತಿದ್ದಳು. ತಿದ್ದುತ್ತಾ ತಿದ್ದುತ್ತಾ ಅವಳ ಸುವಾರ್ತೆ ಪುಸ್ತಕ ಓದುವಷ್ಟಾದೆ. ಓದುತ್ತಾ ಓದುತ್ತಾ ನಾನೂ ಯಜಮಾನರೂ ನಂಬಿದೆವು. ಆದರೆ ಯಾರಿಗೂ ಹೇಳಲಿಲ್ಲ. ರಾಂಪುರದಲ್ಲಿ ನನ್ನ ಅಣ್ಣನಿದ್ದ. ಅಪ್ಪ ಅವ್ವ ಇಲ್ಲದ ನನಗೆ ತವರು ಎಂದರೆ ಅವನೊಬ್ಬನೇ. ಅವನಿಗೆ ಗೊತ್ತಾದರೆ ನಮ್ಮ ಮನೆಯ ನೀರು ಮುಟ್ಟುವುದಿಲ್ಲ, ಹಬ್ಬಕ್ಕೆ ಕರೆಯುವವರಿರುವುದಿಲ್ಲ. ಅದೊಂದೇ ಹೆದರಿಕೆ.

ಅಜ್ಜಿ ಒಂದು ದಿನವೂ ಒತ್ತಾಯ ಮಾಡಲಿಲ್ಲ. "ಹೆದರಿಕೆ ಆದ್ರೆ ಅದನ್ನೂ ಸ್ವಾಮಿಗೇ ಹೇಳು. ನನ್ನ ಮುಂದೆ ಧೈರ್ಯ ತೋರಿಸ್ಬ್ಯಾಡ" ಎಂದಿದ್ದಳು.

ಒಂದು ಮಧ್ಯಾಹ್ನ ನಮ್ಮ ಅಚ್ಚನ್ನು ಅರ್ಧ ಕೆಚ್ಚಿದ್ದಳು. ನಾನು ಪಕ್ಕದಲ್ಲಿ ಕೂತು ಪುಸ್ತಕ ಓದುತ್ತಿದ್ದೆ. ಹೇಳದೆ ಕೇಳದೆ ಅಣ್ಣ ಬಂದು ಬಾಗಿಲಲ್ಲಿ ನಿಂತ.

"ಏನೇ ಅದು ನಿನ್ನ ಕೈಯಾಗೆ?"

"ನಂದಲ್ಲಣ್ಣ, ಈ ಅಜ್ಜೀದು. ಬ್ಯಾಡ ಅಂದ್ರೂ ಕೈಗೆ ಕೊಡ್ತಾಳೆ."

ಬ್ಯಾಡ ಅಂದ್ರೂ ಕೊಡ್ತಾಳೆ! ಎಷ್ಟು ಸಲೀಸಾಗಿ ಬಂದಿತ್ತು ಆ ಸುಳ್ಳು. ಅಣ್ಣ ಅಜ್ಜಿಯ ಮೇಲೆ ಹರಿಹಾಯ್ದ. "ಹೊಟ್ಟೆಪಾಡಿಗೆ ಬಂದೋಳು ಮನೆ ಕೆಡಿಸ್ತೀಯೇನೇ ಮುದುಕಿ?"

ಅಜ್ಜಿ ನನ್ನ ಮುಖವನ್ನೊಮ್ಮೆ ನೋಡಿದಳು. "ಹೌದಪ್ಪ, ಪುಸ್ತಕ ನಂದೇ" ಎಂದಳು. ಕೈಯಲ್ಲಿದ್ದ ಎಳೆಯನ್ನು ಹೊಸೆದು ಮುಗಿಸಿ, ತಟ್ಟೆ ಎತ್ತಿಕೊಂಡು ಹೊರಟುಹೋದಳು. ಅಣ್ಣ ಕೇರಿಯವರಿಗೆಲ್ಲ ಹೇಳಿದ. ಅವಳನ್ನು ಕೆಲಸಕ್ಕೆ ಕರೆಯುವುದು ನಿಂತಿತು.

ನಮ್ಮಲ್ಲಿ ಒಬ್ಬರು ಕೆಚ್ಚಲು ಕೂತ ಅಚ್ಚನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕೈ ಬದಲಾದರೆ ಹೊಸೆತ ಬದಲಾಗಿ ಎಳೆ ಬಿಚ್ಚಿಕೊಳ್ಳುತ್ತದೆ ಎನ್ನುತ್ತಾರೆ. ಹತ್ತು ದಿನ ಆ ಹಾಸು ಅರ್ಧ ಕೂಡಿ ಅರ್ಧ ಕೂಡದೆ ಹಾಗೇ ಇತ್ತು. ಯಜಮಾನರು ಬೆಳಿಗ್ಗೆ ಎದ್ದು ಅದರ ಮುಂದೆ ಸುಮ್ಮನೆ ಕೂರುತ್ತಿದ್ದರು. ಕೊನೆಗೆ ಸಾಹುಕಾರರೇ "ಆ ಮುದುಕೀನೇ ಕರೆದು ಮುಗಿಸ್ರಿ, ಸೀರೆ ಬೇಕು" ಎಂದು ಹೇಳಿ ಕಳಿಸಿದರು. ನಾನು ಗುಡಿಸಲಿಗೆ ಹೋಗಿ ಕಾಲಿಗೆ ಬೀಳಲು ಬಗ್ಗಿದೆ. ಅಜ್ಜಿ ಭುಜ ಹಿಡಿದು ಎತ್ತಿದಳು. "ಎಳೆ ಹರಿದ್ರೆ ಅದನ್ನ ಹೊಡೀತೀವೇನೇ? ಹೊಸೀತೀವಿ. ನಡಿ, ಹೊತ್ತಾಗ್ತೈತೆ."

ಕೆಚ್ಚುವುದು ಮುಗಿದ ದಿನವೇ ಅಣ್ಣ ನನ್ನನ್ನು ಯುಗಾದಿಗೆ ಕರೆದೊಯ್ಯಲು ಗಾಡಿ ಕಟ್ಟಿಕೊಂಡು ಬಂದಿದ್ದ. ಹೆಂಗಸರು ಬಂದು ನಿಂತರು. ಯಜಮಾನರು ಎಂದಿನಂತೆ ಕಾಯಿ ಒಡೆದರು. ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಸೆರಗು ಹೊದ್ದಳು, ಆದರೆ ಬಾಯಿ ಬಿಡಲಿಲ್ಲ.

"ಯಾಕಜ್ಜಿ, ಇವತ್ತು ಬಾಯಿಗೆ ಬೀಗ?" ಎಂದಳು ಪಕ್ಕದ ಮನೆಯವಳು.

"ಮನಸ್ನಾಗೆ ಅಂದ್ಕೊಂಡೆ ಬಿಡವ್ವ" ಎಂದು ಅಜ್ಜಿ ತಲೆ ತಗ್ಗಿಸಿದಳು.

ಯಾರ ಮನೆಯಲ್ಲೂ ದನಿ ತಗ್ಗಿಸದವಳು, ನನ್ನ ತವರು ಉಳಿಯಲಿ ಎಂದು ನನ್ನ ಮನೆಯಲ್ಲಿ ತಗ್ಗಿಸಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಇದನ್ನು ತಡೆಯಲಾಗಲಿಲ್ಲ. ಎದ್ದು ನಿಂತೆ. "ಯೇಸಪ್ಪಾ" ಎಂದೆ. ಮುಂದಿನದೆಲ್ಲ ಮರೆತೇಹೋಯಿತು. "ಅಜ್ಜಿ ದಿನಾ ಏನೇನು ಕೇಳ್ತಿದ್ಲೋ ಅದನ್ನೆಲ್ಲಾ ಮಾಡಪ್ಪ" ಎಂದುಬಿಟ್ಟೆ. ಯಾರೋ ಕಿಸಕ್ಕನೆ ನಕ್ಕರು. ನಾನು ಅಣ್ಣನ ಕಡೆ ತಿರುಗಿದೆ.

"ಅಣ್ಣಾ, ಅವತ್ತು ಸುಳ್ಳು ಹೇಳ್ದೆ. ಆ ಪುಸ್ತಕ ಕೇಳಿ ಇಸ್ಕೊಂಡೋಳು ನಾನೇ. ನಾವಿಬ್ರೂ ಯೇಸುಸ್ವಾಮೀನ ನಂಬಿದೀವಿ. ಅಜ್ಜಿ ಮ್ಯಾಲೆ ತಪ್ಪು ಹಾಕ್ಬ್ಯಾಡ."

ಅಣ್ಣ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಖಾಲಿ ಗಾಡಿ ತಿರುಗಿಸಿಕೊಂಡು ಹೋದ. ನಾನು ಅಳುತ್ತಾ ಕೂತೆ. ಅಜ್ಜಿ "ಅಳಬ್ಯಾಡ" ಎನ್ನಲಿಲ್ಲ. ಪಕ್ಕದಲ್ಲಿ ಕೂತು, "ಅಳು ಮಗಾ, ಹೋಗಿದ್ದು ಸಣ್ಣದಲ್ಲ. ಆದ್ರೆ ಕರೆಯೋದು ಮಾತ್ರ ಬಿಡಬ್ಯಾಡ. ಬರದಿದ್ರೂ ಕರಿ" ಎಂದಳು.

ನಿಜ ಗೊತ್ತಾದ ಮೇಲೆ ಕೇರಿಯವರು ಅವಳನ್ನು ಮತ್ತೆ ಕೆಲಸಕ್ಕೆ ಕರೆದರು. ಸಾಹುಕಾರರು ನಮ್ಮ ಮೇಲೆ ಕೂಗಾಡಿದರು, ಎರಡು ತಿಂಗಳು ರೇಷ್ಮೆ ಕೊಡಲಿಲ್ಲ, ಆಮೇಲೆ ಕೊಟ್ಟರು. ಐದು ವರ್ಷದ ಮೇಲೆ ಒಂದು ಚಳಿಗಾಲ ಅಜ್ಜಿ ನಮ್ಮ ಮನೆಯಲ್ಲೇ ಕಣ್ಣು ಮುಚ್ಚಿದಳು. ಆ ದಿನವೆಲ್ಲ ನನ್ನ ಸೆರಗಿನ ತುದಿಯನ್ನು ಆ ಎರಡು ಬೆರಳಲ್ಲಿ ಹೊಸೆಯುತ್ತಲೇ ಇದ್ದಳು. ಕೇರಿಯ ಗಂಡಸರೇ ಹೆಗಲು ಕೊಟ್ಟರು. ಅಕ್ಷರ, ನಂಬಿಕೆ, ಬಾಯಿ, ಮೂರೂ ಅವಳು ಕೊಟ್ಟದ್ದು. ಅವಳಿಗೆ ನಾನೇನು ಕೊಟ್ಟೆ? ಅವಳು ಹೇಳಿದ ಹಾಗೆ, ಅಣ್ಣ ಬರದಿದ್ದರೂ, ಪ್ರತಿ ಹಬ್ಬಕ್ಕೂ ರಾಂಪುರಕ್ಕೆ ಹೇಳಿ ಕಳಿಸಿದೆ, ಅಷ್ಟೇ.

ನಿನ್ನೆಗೂ ಹೇಳಿ ಕಳಿಸಿದ್ದೆ. ಅಂಗಳದ ಹಿಂದುಗಡೆ, ಜನರ ನಡುವೆ, ಕೋಲೂರಿಕೊಂಡು ಅಣ್ಣ ನಿಂತಿದ್ದ!

ಸಾಯಂಕಾಲ ಎಲ್ಲರೂ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ನಾನು ಮುದ್ದೆ ಬಡಿಸಿ, "ಅಣ್ಣಾ, ನಾವು ಉಣ್ಣೋ ಮುಂಚೆ ಪ್ರಾರ್ಥನೆ ಮಾಡ್ತೀವಿ" ಎಂದೆ.

"ಮಾಡು ಮಾಡು. ನಿನ್ನ ದೇವರು ನಿನಗೆ, ನನ್ನ ದೇವರು ನನಗೆ. ತಂಗಿ ಮಾತ್ರ ಒಬ್ಳೇ ಇರೋದು. ಬೇಗ ಮುಗಿಸ್ರಿ, ಮುದ್ದೆ ಆರ್ತೈತೆ."

ಯಜಮಾನರು ನಕ್ಕರು, ಮಗ ಸೊಸೆ ನಕ್ಕರು. ಮೊಮ್ಮಗಳು ಎರಡೇ ಮಾತಿನಲ್ಲಿ ಪ್ರಾರ್ಥನೆ ಮುಗಿಸಿದಳು. ಅಣ್ಣ ಮುದ್ದೆ ಮುರಿದು ಹುರುಳಿ ಸಾರಿನಲ್ಲಿ ಅದ್ದಿ ಬಾಯಿಗಿಟ್ಟ. "ಉಪ್ಪು ಒಂಚೂರು ಕಮ್ಮಿ ಐತೆ ಕಣೇ" ಎಂದ. ಇನ್ನೊಂದು ಮುದ್ದೆ ಹಾಕಿಸಿಕೊಂಡ.