ಕೋಸ್ಟರಿಕಾದಲ್ಲಿ ಆಡಿದ ಕನ್ನಡ

ನಮ್ಮ ಯಜಮಾನರು ತೀರಿಕೊಂಡ ವರ್ಷ, ನಾನಿರುವ ಅಲೆನ್ ಊರಿನ ಗೆಳತಿಯರೆಲ್ಲ ಸೇರಿ ನನ್ನನ್ನು ಬಲವಂತವಾಗಿ ಕೋಸ್ಟರಿಕಾದ ಒಂದು ಪುಟ್ಟ ಕಡಲೂರಿಗೆ ಕಳಿಸಿದರು. "ರಿಲ್ಯಾಕ್ಸ್ ಆಗಿ ಬಾರೇ" ಅಂದರು. ಪಾಪ, ಒಳ್ಳೆಯವರೇ. ಆದರೆ ನಾನು ಯಜಮಾನರ ಮಾತೆತ್ತಿದರೆ ಸಾಕು, ಯಾರಾದರೂ ಕಾಫಿ ಮಾಡಲು ಎದ್ದುಬಿಡುತ್ತಿದ್ದರು. ಮಗಳಂತೂ "ಅಮ್ಮಾ, ನಾಟ್ ನೌ ಪ್ಲೀಸ್" ಅನ್ನುತ್ತಿದ್ದಳು.

ಅಲ್ಲಿ ನಾನಿಳಿದುಕೊಂಡ ಮನೆಯ ಒಡತಿ ವಯಸ್ಸಾದ ಹೆಂಗಸು. ಅವರಿಗೆ ಇಂಗ್ಲಿಷ್ ಬರದು, ನನಗೆ ಸ್ಪ್ಯಾನಿಷ್ ಬರದು. ಮೊದಲ ದಿನ ಬೆಳಿಗ್ಗೆ ತಿಂಡಿ ಬಡಿಸಿ, ಪಕ್ಕದ ಖಾಲಿ ಕುರ್ಚಿ ತೋರಿಸಿ, "ಮರೀದೊ?" ಅಂದರು. ಗಂಡ ಎಲ್ಲಿ ಅಂತ. ನಾನು ಸುಮ್ಮನೆ ಮೇಲಕ್ಕೆ ಕೈ ತೋರಿಸಿದೆ.

ಅವರ ಮುಖ ಅರಳಿತು. "ಆವಿಯೋನ್!" ಅಂತ ಅಂಗೈಯನ್ನು ವಿಮಾನದ ಹಾಗೆ ಇಳಿಸಿ ತೋರಿಸಿದರು. ಯಜಮಾನರು ಆಮೇಲೆ ವಿಮಾನದಲ್ಲಿ ಬರುತ್ತಿದ್ದಾರೆ ಅಂದುಕೊಂಡಿದ್ದರು.

ಇಲ್ಲ ಅಂತ ತಲೆಯಾಡಿಸುವಷ್ಟರಲ್ಲಿ ನನಗೆ ಅಳು ಬಂದುಬಿಟ್ಟಿತು. ಅವರಿಗೆ ಅರ್ಥವಾಯಿತು. ಆ ಕುರ್ಚಿಯಲ್ಲಿ ಕೂತು ನನ್ನ ಕೈ ಹಿಡಿದುಕೊಂಡರು. ನಾನು ಕನ್ನಡದಲ್ಲೇ ಹೇಳತೊಡಗಿದೆ: ಆಸ್ಪತ್ರೆ, ಕೊನೆಗೆ ಯಜಮಾನರು ಮೊಸರನ್ನ ಬೇಕು ಅಂದದ್ದು, ನಾನು ಮನೆಯಿಂದ ಕಲಸಿ ತರುವಷ್ಟರಲ್ಲಿ ಹೋಗಿಬಿಟ್ಟಿದ್ದು. ಒಂದು ಪದವೂ ತಿಳಿಯದ ಆ ಹೆಂಗಸು ಪೂರ್ತಿ ಕೇಳಿದರು. ಆಮೇಲೆ ಅವರೂ ತಮ್ಮ ಭಾಷೆಯಲ್ಲಿ ಯಾರದೋ ವಿಷಯ ಹೇಳಿಕೊಂಡು ಅತ್ತರು. ನಾನೂ ಕೇಳಿದೆ. ಇದ್ದಷ್ಟು ದಿನವೂ ಹೀಗೇ ನಡೆಯಿತು.

ವಾಪಸ್ ಬಂದಾಗ "ಬೀಚ್ ಹೇಗಿತ್ತೇ?" ಅಂತ ಎಲ್ಲರೂ ಕೇಳಿದರು. ತುಂಬಾ ಚೆನ್ನಾಗಿತ್ತು ಅಂದೆ. ನಿಜ ಹೇಳಬೇಕೆಂದರೆ, ನೀರಿಗೆ ಕಾಲೇ ಇಟ್ಟಿರಲಿಲ್ಲ.