ನಕ್ಕರೆ ಕುಸಿಯುವ ತಂಗಿ

ತಂಗಿ ಕುಸಿದು ಬಿದ್ದಾಗಲೆಲ್ಲ ನಾನು ಓಡಿಹೋಗಿ ಹಿಡಿಯಬೇಕಿತ್ತು. ಒಮ್ಮೆಯಾದರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಿತ್ತು. ಎರಡನ್ನೂ ಮಾಡಲಿಲ್ಲ. ಇನ್ನೊಂದು ಜೋಕು ಹೇಳಿದೆ.

ಹೌದು, ಪ್ರತಿ ವಾರ ಇಲ್ಲಿ ನಿಮ್ಮನ್ನು ನಗಿಸುವ ನಾನೇ. ಕೊಪ್ಪದಲ್ಲಿ ಶಾಮಿಯಾನ, ಪಾತ್ರೆ ಬಾಡಿಗೆಗೆ ಕೊಡುವವನು. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನಿಗೆ ಪತ್ರಿಕೆಯಲ್ಲಿ ಜಾಗ ಸಿಕ್ಕಿದ್ದು ಈ ಬಾಯಿಯ ದೆಸೆಯಿಂದ. (ನನ್ನ ಕಾಗುಣಿತ ತಿದ್ದುವ ಪುಣ್ಯಾತ್ಮರಿಗೆ ನಮಸ್ಕಾರ.) ಈ ವಾರ ನಗಿಸಲು ಮನಸ್ಸಿಲ್ಲ.

ತಂಗಿಯ ಹೆಸರು ಲಲಿತ. ಮದುವೆಯಾಗಿ ಶೆಟ್ಟಿಕೊಪ್ಪದಲ್ಲಿದ್ದಾಳೆ. ಹೈಸ್ಕೂಲು ಮುಗಿಸಿದ ಕಾಲದಿಂದಲೂ ಅವಳದ್ದೊಂದು ವಿಚಿತ್ರ. ತಡೆಯಲಾರದಷ್ಟು ನಗು ಬಂದರೆ ಮೊದಲು ದವಡೆ ಜೋತುಬೀಳುತ್ತದೆ. ಆಮೇಲೆ ಕತ್ತು. ಆಮೇಲೆ ಮಂಡಿ. ಹಗ್ಗದಿಂದ ಜಾರಿದ ಒದ್ದೆ ಬಟ್ಟೆಯ ಹಾಗೆ ಕುಸಿಯುತ್ತಾಳೆ. ಸ್ವಲ್ಪ ಹೊತ್ತಿಗೆ ತಾನೇ ಎದ್ದು, ಯಾರ ಮುಖವನ್ನೂ ನೋಡದೆ ಒಳಗೆ ಹೋಗುತ್ತಾಳೆ.

ಇದರ ಜೊತೆಗೆ ಹಗಲು ನಿದ್ದೆ. ಅನ್ನ ಬಸಿಯುತ್ತ ನಿದ್ದೆ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತೇ ನಿದ್ದೆ. ರಾತ್ರಿ ಸಾಕಷ್ಟು ಮಲಗಿದವಳಿಗೆ ತಿಂಡಿ ಮುಗಿಯುವುದರೊಳಗೆ ಕಣ್ಣು ಎಳೆಯುತ್ತದೆ ಎಂದರೆ ಯಾರು ನಂಬುತ್ತಾರೆ? ನಾವು ಸೋಮಾರಿ ಎಂದೆವು. ಅಮ್ಮ ತಾಯಿತ ಕಟ್ಟಿಸಿದರು. ಫಿಟ್ಸ್ ಇರಬೇಕೆಂದು ಪಕ್ಕದ ಮನೆಯವರು ಬೀಗದ ಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು.

ನಾನು? ನಾನು ಅದನ್ನು ಆಟ ಮಾಡಿಕೊಂಡೆ. ನೆಂಟರು ಬಂದರೆ ಸಾಕು, 'ನೋಡ್ತಾ ಇರಿ, ಈಗ ಬೀಳಿಸ್ತೀನಿ' ಎನ್ನುತ್ತಿದ್ದೆ. ಬೀಳಿಸುತ್ತಲೂ ಇದ್ದೆ.

ಈ ಸಲದ ಮದುವೆ ಸೀಸನ್ನಿನಲ್ಲಿ ಕಡಹಿನಬೈಲಿನ ಒಂದು ಮನೆಗೆ ಪಾತ್ರೆ ಇಳಿಸಲು ಹೋಗಿದ್ದೆ. ನಮ್ಮ ಕಡೆ ಮದುವೆಯ ಹಿಂದಿನ ದಿನ ಊರವರೆಲ್ಲ ಸೇರಿ ತರಕಾರಿ ಹೆಚ್ಚುತ್ತಾರಲ್ಲ, ಚಪ್ಪರದಡಿ ಅದೇ ನಡೆದಿತ್ತು. ಸಾಲಾಗಿ ಈಳಿಗೆಮಣೆ, ನಡುವೆ ಕುಂಬಳಕಾಯಿ ರಾಶಿ. ಲಲಿತಳ ಗಂಡನ ಕಡೆಯ ನೆಂಟರ ಮನೆ ಅದು. ಅವಳೂ ಒಂದು ಈಳಿಗೆಮಣೆ ಹತ್ತಿ ಕೂತಿದ್ದಳು. ನನ್ನನ್ನು ಕಂಡದ್ದೇ ಮುಖ ಸಣ್ಣದಾಯಿತು.

"ಅಣ್ಣ, ಇದೊಂದು ಹೆಚ್ಚಿ ಮುಗಿಯ ತನಕ ಎಂತದೂ ಮಾತಾಡಬೇಡ ಮಾರಾಯ."

ನನಗೆ ಅದು ಸವಾಲಿನ ಹಾಗೆ ಕೇಳಿಸಿತು. ಶುರು ಮಾಡಿದೆ. ಮೊಬೈಲಿನ ಮ್ಯಾಪ್ ನಂಬಿದ ದಿಬ್ಬಣದ ಬಸ್ಸೊಂದು ಬೇರೆ ಯಾರದೋ ಮದುವೆ ಮನೆಗೆ ಹೋಗಿ, ಆರತಿ ಎತ್ತಿಸಿಕೊಂಡು, ಪಂಕ್ತಿಯಲ್ಲಿ ಕೂತ ಕತೆ. "ಹೆಣ್ಣು ನಮ್ಮದಲ್ಲ ಅಂತ ಗಂಡಿನ ಸೋದರಮಾವಂಗೆ ಆಗ್ಲೇ ಗೊತ್ತಾಗಿತ್ತಂತೆ. ಕೇಸರಿಬಾತ್ ಇನ್ನೊಂದ್ಸಲ ಬರಲಿ ಅಂತ ಸುಮ್ನಿದ್ದರಂತೆ!"

ಚಪ್ಪರವೇ ನಕ್ಕಿತು. ಲಲಿತ ತುಟಿ ಕಚ್ಚಿ ಹಿಡಿದಳು. ಹಿಡಿದಳು. ಆಗಲಿಲ್ಲ. ದವಡೆ ಜೋತುಬಿತ್ತು, ಕತ್ತು ಬಾಗಿತು, ಈಳಿಗೆಯ ಅಲಗಿನ ಕಡೆಗೇ ವಾಲಿದಳು. ಪಕ್ಕದಲ್ಲಿದ್ದ ಹೆಂಗಸು ಅವಳನ್ನು ಭುಜ ಹಿಡಿದು ಎಳೆದುಕೊಂಡಿದ್ದರಿಂದ ಕತ್ತು ಉಳಿಯಿತು. ಮುಂಗೈ ಸೀಳಿತು. ಹೆಚ್ಚಿಟ್ಟ ಕುಂಬಳಕಾಯಿಯ ಮೇಲೆಲ್ಲ ರಕ್ತ.

ಆಗ ನಾನೇನು ಮಾಡಿದೆ ಗೊತ್ತೇ? ಮಾನ ಉಳಿಸಿಕೊಳ್ಳಲು, "ಎಂತದೂ ಇಲ್ಲ, ನಾಟಕ ಅವಳದ್ದು, ಈಗ ಏಳ್ತಾಳೆ" ಎಂದೆ.

ಕೈಗೆ ಟವೆಲು ಸುತ್ತಿ, ನನ್ನ ಗೂಡ್ಸ್ ಗಾಡಿಯಲ್ಲೇ ಕೊಪ್ಪಕ್ಕೆ ಕರೆತಂದೆ. ಅರ್ಧ ದಾರಿಯಲ್ಲಿ ಅವಳು ಕೇಳಿದಳು, "ನಾಟಕ ಅಂದ್ಯಲ್ಲ ಅಣ್ಣ?"

"ಪ್ರಜ್ಞೆ ಇರಲಿಲ್ವಲ್ಲೇ ನಿಂಗೆ?"

"ಬಿದ್ದಾಗ ನಂಗೆ ಎಲ್ಲ ಕೇಳಿಸ್ತದೆ. ಯಾವಾಗ್ಲೂ ಕೇಳಿಸ್ತಿತ್ತು. ಬಾಯಿ ಮಾತ್ರ ಬರಲ್ಲ."

ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಇಷ್ಟು ವರ್ಷ ಬಿದ್ದವಳ ಪಕ್ಕದಲ್ಲೇ ನಿಂತು ನಾನು ಏನೇನು ಆಡಿದ್ದೆ!

ಹೊಲಿಗೆ ಹಾಕಿದ ಡಾಕ್ಟರಮ್ಮ ಒಂದೇ ಪ್ರಶ್ನೆ ಕೇಳಿದರು. "ನಗುವಾಗಲೇ ಬೀಳೋದಾ?" ಅವರ ಮಾತಿನಂತೆ ಶೃಂಗೇರಿ ದಾರಿ ಹಿಡಿದು ಮಂಗಳೂರಿನ ನರದ ಡಾಕ್ಟರ ಹತ್ತಿರ ಹೋದೆವು. ತಲೆತುಂಬ ವೈರು ಅಂಟಿಸಿ ನಿದ್ದೆಯನ್ನೇ ಪರೀಕ್ಷೆ ಮಾಡಿದರು. (ನಿದ್ದೆಗೂ ಟೆಸ್ಟ್ ಇದೆ ಎಂದು ನನಗೆ ಗೊತ್ತಾದದ್ದೇ ಆಗ.) ಕಾಯಿಲೆಗೆ ಹೆಸರಿದೆ, ನಾರ್ಕೊಲೆಪ್ಸಿ. ಸೋಮಾರಿತನವಲ್ಲ, ಗಾಳಿ ಸೋಕಿದ್ದಲ್ಲ, ನಾಟಕವಂತೂ ಅಲ್ಲವೇ ಅಲ್ಲ.

ಡಾಕ್ಟರು ಹೇಳಿದ್ದನ್ನು ನನ್ನ ತಲೆಗೆ ಹೋದಷ್ಟು ಹೇಳುತ್ತೇನೆ. ಕನಸಿನಲ್ಲಿ ನಾವು ಓಡುತ್ತೇವೆ, ಮರ ಹತ್ತುತ್ತೇವೆ, ಹೊಳೆಗೆ ಹಾರುತ್ತೇವೆ. ಬೆಳಿಗ್ಗೆ ನೋಡಿದರೆ ಅದೇ ಹಾಸಿಗೆ, ಅದೇ ಕಂಬಳಿ. ಹಾರದಂತೆ ನಮ್ಮನ್ನು ಹಿಡಿದವರು ಯಾರು? ಮಿದುಳು. ಕನಸು ಬೀಳುವ ಹೊತ್ತಿಗೆ ಅದು ಮೈಯ ಬಿಗಿಯನ್ನೆಲ್ಲ ಸಡಿಲಿಸಿಬಿಡುತ್ತದಂತೆ, ಉಸಿರಾಟ, ಕಣ್ಣುಗಳದ್ದೊಂದು ಹೊರತು. ಕೇಳಿ ನನಗೆ ಮೈ ಜುಮ್ಮೆಂದಿತು. ಪ್ರತಿ ರಾತ್ರಿ, ಪ್ರತಿಯೊಬ್ಬರಲ್ಲೂ, ಸದ್ದಿಲ್ಲದೆ ಇಂಥ ಏರ್ಪಾಡು! ಲಲಿತಳಲ್ಲಿ ಆ ಸಡಿಲ ಹಗಲಿನ ಎಚ್ಚರದೊಳಕ್ಕೇ ನುಗ್ಗುತ್ತದೆ. ಅದಕ್ಕೆ ಬಾಗಿಲು ತೆರೆಯುವುದು ನಗು. ಅಷ್ಟು ದೊಡ್ಡ ವಿಸ್ಮಯ ನಮ್ಮ ಮನೆಯ ಜಗಲಿಯಲ್ಲೇ ನಡೆಯುತ್ತಿತ್ತು, ನಾನು ಅದನ್ನು ಟಿಕೆಟ್ಟಿಲ್ಲದ ಸರ್ಕಸ್ಸು ಮಾಡಿದ್ದೆ.

ಬುದ್ಧಿ ಹೇಳುವಷ್ಟು ಓದಿದವನಲ್ಲ ನಾನು. ಆದರೂ ಕೇಳಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಗೊರಕೆಯ ನಡುವೆ ಉಸಿರು ನಿಂತು ಬೆಚ್ಚಿ ಏಳುವವರಿಲ್ಲವೇ? ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ದೆ ಬಾರದೆ ಹೊರಳಾಡುವವರು? ಕಾಲಿನೊಳಗೆ ಏನೋ ಹರಿದಂತಾಗಿ ಮಲಗಲಾರದೆ ಓಡಾಡುವವರು? ಸಾಕಷ್ಟು ಮಲಗಿಯೂ ಸ್ಟೇರಿಂಗ್ ಹಿಡಿದು ತೂಕಡಿಸುವವರು? ನಗಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಲಲಿತಳಿಗೆ ಈಗ ಮಾತ್ರೆ ಇದೆ. ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಸ್ವಲ್ಪ ಮಲಗುತ್ತಾಳೆ. ಪೂರ್ತಿ ಹೋಗುವುದಲ್ಲ, ಹತೋಟಿಗೆ ಬರುತ್ತದೆ ಎಂದಿದ್ದಾರೆ. ನನ್ನನ್ನು ಕೊರೆದದ್ದು ಭಾವ ಹೇಳಿದ ಮಾತು. "ನಮ್ಮನೇಲಿ ಅವಳು ಬಾಯ್ತುಂಬ ನಕ್ಕಿದ್ದು ನಾನು ಕಂಡಿಲ್ಲ ಮಾರಾಯ. ಹೆದರ್ತಾಳೆ." ಬೀಳಬಾರದೆಂದು ನನ್ನ ತಂಗಿ ನಗುವುದನ್ನೇ ಬಿಟ್ಟಿದ್ದಳು.

ಮೊನ್ನೆ ಭಾನುವಾರ ಅವಳ ಮನೆಗೆ ಹೋದೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. ಸೋಫಾದಲ್ಲಿ ಅವಳ ಪಕ್ಕ ಕೂತರೆ ಒಂದಕ್ಷರ ಹೊರಡಲಿಲ್ಲ.

"ಎಂತ ಅಣ್ಣ, ಹೆಣ್ಣು ನೋಡಕ್ಕೆ ಬಂದ ಗಂಡಿನ ತರ ಬೆವರ್ತಾ ಇದ್ದೀಯಲ್ಲ! ಉಪ್ಪಿಟ್ಟು ತರ್ಲಾ?"

ತನ್ನ ಮಾತಿಗೆ ತಾನೇ ನಕ್ಕಳು. ಬಾಯ್ತುಂಬ. ದವಡೆ ಸಡಿಲಾಯಿತು, ತಲೆ ನನ್ನ ಭುಜಕ್ಕೆ ವಾಲಿತು. ಅವಳ ಹಣೆ ಜಾರದಂತೆ ಅಂಗೈಯಲ್ಲಿ ಹಿಡಿದೆ. ಬಾಯಿ ಬರುವಂತಿದ್ದರೆ 'ಬಿಡು ಅಣ್ಣ' ಎಂದು ಮಾತು ತೇಲಿಸಿಬಿಡುತ್ತಿದ್ದಳು. ಕಿವಿಯ ಹತ್ತಿರ ಬಾಗಿದೆ.

"ಲಲ್ಲಿ, ನೀನು ಬೀಳದು ನೋಡಕ್ಕೇ ನಾನು ನಗಿಸ್ತಿದ್ದೆ. ನಂದು ತಪ್ಪಾಯ್ತು ಮಾರಾಯ್ತಿ."