ಸಣ್ಣಗಾಗಲು ಹೊರಟವನ ಫಜೀತಿ

ಮನುಷ್ಯ ದಪ್ಪಗಾಗುವಾಗ ಯಾರೂ ಅವನ ತಂಟೆಗೆ ಬರುವುದಿಲ್ಲ. ನಾನು ಕಡೂರಿಗೆ ಮೇಷ್ಟ್ರಾಗಿ ಬಂದಾಗ ಸಡಿಲವಾಗಿದ್ದ ಕೋಟಿಗೆ ಹತ್ತು ವರ್ಷದಲ್ಲಿ ಗುಂಡಿ ಹಾಕಲು ಬಾರದಂತಾಯಿತು. ಆ ಹತ್ತೂ ವರ್ಷ ಊರು ನನ್ನನ್ನು ಮೆಚ್ಚಿಕೊಂಡೇ ಇತ್ತು. "ಮೇಷ್ಟ್ರಿಗೆ ನಮ್ಮೂರ ನೀರು ಹಿಡಿಸ್ತು" ಎಂದರು. ಸಣ್ಣಗಾಗಲು ಹೊರಟೆ ನೋಡಿ, ನನ್ನ ಹೊಟ್ಟೆ ಎಲ್ಲರ ಮನೆಯ ವಿಚಾರವಾಗಿಬಿಟ್ಟಿತು.

ಹೊರಟದ್ದಕ್ಕೆ ಕಾರಣ ತರೀಕೆರೆಯ ಒಂದು ಮದುವೆ. ಪಂಕ್ತಿಯಲ್ಲಿ ಸೊಗಸಾಗಿ ಕೂತೆ, ಸೊಗಸಾಗಿ ಉಂಡೆ. ಏಳಲು ಹೋದರೆ ಮಂಡಿ ಒಪ್ಪಲಿಲ್ಲ. ಅಕ್ಕಪಕ್ಕದವರಿಬ್ಬರು ಕಂಕುಳಿಗೆ ಕೈಕೊಟ್ಟು, ಕೊಬ್ಬರಿ ಮೂಟೆ ಎತ್ತುವ ಹಾಗೆ ಎತ್ತಿ ನಿಲ್ಲಿಸಿದರು. ಹೆಂಗಸರ ಕಡೆಯಿಂದ ಕಿಸಕ್ಕನೆ ನಗು ಬಂತು. ಅಲ್ಲಿಯ ಡಾಕ್ಟರು ಮಂಡಿ ಒತ್ತಿ ನೋಡಿ, "ಮೈ ಇಳಿಸಿ ಮೇಷ್ಟ್ರೇ, ಇಲ್ದಿದ್ರೆ ಇನ್ನೆರಡು ವರ್ಷಕ್ಕೆ ಕೋಲು ಹಿಡೀತೀರಿ. ಆದ್ರೆ ಒಂದೇ ಸಲಕ್ಕೆ ಬೇಡ, ನಿಧಾನ" ಎಂದರು.

ನಿಧಾನ ಎಂಬ ಮಾತು ನನ್ನ ಕಿವಿಗೇ ಬೀಳಲಿಲ್ಲ. ಮೂರು ದಿನ ಬರೀ ಮಜ್ಜಿಗೆಯಲ್ಲಿ ಕಳೆದೆ. ಭೂಗೋಳದ ಪಾಠ ಮಾಡುವಾಗ ಮೇಜಿನ ಮೇಲಿನ ಗೋಳ ಲಾಡುವಿನಂತೆ ಕಾಣುತ್ತಿತ್ತು. ನಾಲ್ಕನೆಯ ದಿನ ಅಜ್ಜಂಪುರದಲ್ಲಿ ಒಂದು ಬೀಗರೂಟವಿತ್ತು. ಅಲ್ಲಿ ಏನಾಯಿತೆಂದು ನೀವು ಕೇಳಬೇಡಿ, ನಾನೂ ಹೇಳುವುದಿಲ್ಲ.

ಆಮೇಲೆ ನನ್ನ ಹೆಂಡತಿ ರತ್ನ ಸದ್ದಿಲ್ಲದೆ ಕೆಲಸ ಕೈಗೆ ತೆಗೆದುಕೊಂಡಳು. ಹದಿನೈದು ದಿನಕ್ಕೊಮ್ಮೆ ನನ್ನ ಮುದ್ದೆಯಲ್ಲಿ ನೆಲ್ಲಿಕಾಯಿ ಗಾತ್ರದಷ್ಟು ಕಡಿಮೆ, ಸೊಪ್ಪಿನ ಸಾರು ಒಂದು ಸೌಟು ಜಾಸ್ತಿ. ಶಾಲೆಯಿಂದ ಬಂದೊಡನೆ ಸಿಗುತ್ತಿದ್ದ ಕೊಬ್ಬರಿ ಬೆಲ್ಲದ ಜಾಗಕ್ಕೆ ಸೌತೆಕಾಯಿ. ಮುದ್ದೆ ಇಳಿಯುತ್ತಿರುವುದು ನನಗೆ ತಿಳಿಯಲೇ ಇಲ್ಲ. ಸೌತೆಕಾಯಿಯ ವಿಷಯದಲ್ಲಿ ಮಾತ್ರ ಜಗಳವಾಯಿತು, ಅದನ್ನು ಮುಚ್ಚಿಡಲಾಗುವುದಿಲ್ಲವಲ್ಲ. ಎಂಟು ತಿಂಗಳಿಗೆ ಕೋಟಿನ ಗುಂಡಿ ಹತ್ತಿತು. ಊಟಕ್ಕೆ ಕೂತವನು ಯಾರ ಕೈಯನ್ನೂ ಹಿಡಿಯದೆ ಎದ್ದೆ.

ಖುಷಿಪಡಬೇಕಾದವರು ಒಬ್ಬರಾದರೂ ಖುಷಿಪಟ್ಟರೆ ಕೇಳಿ. ಹೆಡ್‌ಮಾಸ್ಟರು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, "ರಕ್ತ ಪರೀಕ್ಷೆ ಮಾಡಿಸಿದಿರಾ?" ಎಂದರು. ಎದುರು ಮನೆಯವರು ನನ್ನನ್ನು ಕಂಡು ಲೊಚಗುಟ್ಟಿದರು. ಸುದ್ದಿ ಬಸ್ಸು ಹತ್ತಿ ನನ್ನ ಹುಟ್ಟೂರು ಯಗಟಿ ತಲುಪಿತು. ಮುಂದಿನ ಬಸ್ಸಿಗೆ ನನ್ನ ಅವ್ವ ಬೆಣ್ಣೆಯ ಡಬ್ಬಿ ಹಿಡಿದುಕೊಂಡು ಬಂದಿಳಿದಳು.

"ಏನ್ಲಾ ಮಗ ಇದು, ಹಿಂಗೆ ಸೊರಗೋಗಿದೀಯ?" ಎಂದು ಕೇಳಿದ್ದು ನನ್ನನ್ನು, ನೋಡಿದ್ದು ರತ್ನಳನ್ನು. "ಏನೇ, ನನ್ನ ಮಗನ್ಗೆ ಹೊಟ್ಟೆಗೆ ಹಾಕ್ತೀಯೋ ಇಲ್ವೋ?"

"ಮಂಡಿ ನೋವಿಗೆ ಡಾಕ್ಟ್ರು ಹೇಳಿದ್ದವ್ವ" ಎಂದೆ.

"ನಿನ್ನ ಹೆತ್ತಿದ್ದು ಡಾಕ್ಟ್ರೇನ್ಲಾ?"

ನಮ್ಮ ಕಡೆ ಗಂಡಸಿನ ಹೊಟ್ಟೆ ಗಂಡಸಿನದಲ್ಲ. ಅದು ಮನೆಯ ಹೆಂಗಸಿಗೆ ಊರು ಕೊಡುವ ಸರ್ಟಿಫಿಕೇಟು. ಗಣಪತಿಯ ಹೊಟ್ಟೆಯನ್ನು ನೋಡಿದ ಮೇಲೆ ಗೌರಮ್ಮನ ಅಡುಗೆಮನೆಯ ಬಗ್ಗೆ ಯಾರಾದರೂ ಮಾತೆತ್ತಿದ್ದಾರೆಯೇ? ಅಮೃತಾಪುರದ ಗುಡಿಯಲ್ಲಿ ಸಣ್ಣ ನಡುವಿನ ಕಲ್ಲಿನ ವೀರರಿದ್ದಾರೆ. ನೋಡಿದವರೆಲ್ಲ ಶಿಲ್ಪಿಯನ್ನು ಹೊಗಳುತ್ತಾರೆ. ಅವ್ವ ಮಾತ್ರ ಒಮ್ಮೆ ಅವರನ್ನು ದಿಟ್ಟಿಸಿ ನೋಡಿ, "ಪಾಪ, ಅವ್ವ ಇಲ್ದಿರೋ ಮಕ್ಕಳು" ಅಂದಿದ್ದಳು.

ರತ್ನ ನನ್ನನ್ನು ಹಿತ್ತಲಿಗೆ ಕರೆದಳು. ಕಣ್ಣು ತುಂಬಿತ್ತು. "ನಾಳೆ ಯಗಟಿಯಲ್ಲೆಲ್ಲ ನಾನು ಗಂಡನ್ನ ಉಪವಾಸ ಕೆಡವಿದೋಳು ಅಂತಾಗುತ್ತೆ. ನಿಮ್ಮ ಮಂಡಿ ಹೋದ್ರೆ ಹೋಗ್ಲಿ ಕಣ್ರೀ, ನನ್ನ ಮಾನ ಉಳೀಲಿ. ಅತ್ತೆ ಎಷ್ಟು ಹಾಕಿದ್ರೆ ಅಷ್ಟು ತಿನ್ನಿ" ಎಂದಳು. ಎಂಟು ತಿಂಗಳ ಅವಳ ದುಡಿಮೆ ಅದು. ನನಗೆ ಯಾರ ಮೇಲೆ ಸಿಟ್ಟಾಗಬೇಕೆಂದೇ ತಿಳಿಯಲಿಲ್ಲ.

ತಿಂದೆ. ಅವ್ವ ಹಳೆಯ ಗಾತ್ರದ ಮುದ್ದೆ ಕಟ್ಟಿದಳು, ಮೇಲೆ ಬೆಣ್ಣೆ ಇಟ್ಟಳು. ಸಾಕು ಎಂದರೆ ಇನ್ನರ್ಧ ಬೀಳುತ್ತಿತ್ತು. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈಯ ಮೇಲೇ ಬೀಳುತ್ತಿತ್ತು. ಐದನೆಯ ದಿನ ಮಧ್ಯಾಹ್ನ ಉಂಡು ಏಳಲು ಹೋದೆ, ಮಂಡಿ ಮತ್ತೆ ಕೈಕೊಟ್ಟಿತು. ಎತ್ತಿ ಎಂದು ಕೇಳಲು ನಾಚಿಕೆ. ಎಲೆ ಅಡಿಕೆ ಹಾಕಿಕೊಳ್ಳುವ ನೆವದಲ್ಲಿ ಅಲ್ಲೇ ಗೋಡೆಗೊರಗಿ ಕೂತೆ.

ಹಾಗೆ ಕೂತದ್ದರಿಂದ, ನನ್ನ ನಲವತ್ತೆರಡು ವರ್ಷದಲ್ಲಿ ಮೊದಲ ಸಲ, ನಾನು ಎದ್ದು ಹೋದ ಮೇಲೆ ಅವ್ವ ಏನು ಉಣ್ಣುತ್ತಾಳೆಂದು ನೋಡಿದೆ. ಅವಳ ಮುದ್ದೆ ರತ್ನ ನನಗೆ ಕಟ್ಟಿದ ಅತಿ ಸಣ್ಣ ಮುದ್ದೆಗಿಂತ ಸಣ್ಣದು. ಎಪ್ಪತ್ತು ದಾಟಿದವಳು, ಇಂದಿಗೂ ಹೊಲದವರೆಗೆ ನಡೆದು ಹೋಗಿ ಬರುತ್ತಾಳೆ, ಕೂತಲ್ಲಿಂದ ಚಟ್ಟನೆ ಏಳುತ್ತಾಳೆ. ಅವಳು ಕಡ್ಡಿಯಂತಿದ್ದಾಳೆಂದು ಯಾರೂ ಬೆಣ್ಣೆ ಹೊತ್ತು ಬಂದವರಿಲ್ಲ. ನಾನೂ ತಂದವನಲ್ಲ. ನಿಜವಾಗಿ ನಾಚಿಕೆಯಾಯಿತು.

"ಅವ್ವಾ, ನಿನ್ಗೆ ಹೊಟ್ಟೆಗೆ ಹಾಕ್ದೆ ಇದ್ದೋರು ಯಾರು?" ಎಂದೆ.

"ನಂಗೆ ಯಾವಾಗ್ಲೂ ಇಷ್ಟೇಯ ಕಣ್ಲಾ. ಹೊಟ್ಟೆನೂ ತುಂಬುತ್ತೆ, ಮೈಯೂ ಹಗುರಾಗಿರುತ್ತೆ" ಎಂದಳು. ತನ್ನ ಮಾತು ಅವಳಿಗೇ ಕೇಳಿಸಿರಬೇಕು. ನನ್ನ ಮಂಡಿಯನ್ನು ನೋಡಿದಳು, ರತ್ನಳ ಮುಖವನ್ನು ನೋಡಿದಳು. "ರಾತ್ರಿಗೆ ಇವನ ಮುದ್ದೆ ನೀನೇ ಕಟ್ಟವ್ವ. ನಿನ್ಗೆ ಗೊತ್ತು" ಎಂದಳು. ರತ್ನ ಸೆರಗಿನಿಂದ ಮುಖ ಒರೆಸಿಕೊಂಡಳು.

ಪಕ್ಕದಲ್ಲಿದ್ದ ಡಬ್ಬಿಯಿಂದ ಒಂದು ದೊಡ್ಡ ಉಂಡೆ ಬೆಣ್ಣೆ ತೆಗೆದು ಅವ್ವನ ತಟ್ಟೆಯತ್ತ ಕೈಚಾಚಿದೆ. ಅವಳು ಎರಡೂ ಕೈಗಳಿಂದ ತಟ್ಟೆ ಮುಚ್ಚಿಕೊಂಡು ಕೂಗಿದಳು:

"ಲೇ, ಸಾಕು ಅಂದ್ರೆ ತಿಳಿಯಲ್ವೇನ್ಲಾ ನಿನ್ಗೆ?"

ಹುಟ್ಟಿದಾಗಿನಿಂದ ನಾನು ಅವಳನ್ನು ಕೇಳುತ್ತಾ ಬಂದಿರುವ ಪ್ರಶ್ನೆ. ಬೆಣ್ಣೆಯನ್ನು ಅವಳ ಕೈಯ ಮೇಲೇ ಹಾಕಿದೆ.